ದಿಲ್ಲಿ ನೋಡಿ ಬಂದ ವೆಂಕೋಬ

ಮಾನ್ವಿಯ ಬಸ್ ನಿಲ್ದಾಣದಲ್ಲಿ ನಿಂತುಕೊಂಡು, ದೇವದುರ್ಗದ ಬಸ್ಸು ಇವತ್ತೊಂದು ದಿನ ದಾರಿಯಲ್ಲೆಲ್ಲಾದರೂ ಕೆಟ್ಟು ನಿಲ್ಲಲಿ ಎಂದು ವೆಂಕೋಬ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುವಾಗ, ಬಸ್ಸು ಹೊತ್ತಿಗಿಂತ ಐದು ನಿಮಿಷ ಮೊದಲೇ ಬಂದು ನಿಂತಿತು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಈ ಬಸ್ಸು ಒಂದು ಸಲವೂ ಇಷ್ಟು ಮರ್ಯಾದೆಯಿಂದ ನಡೆದುಕೊಂಡದ್ದಿಲ್ಲ. ಹೆಂಡತಿ ಪಾರ್ವತೆಮ್ಮ ಆಗಲೇ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದು, ಮೆಟ್ಟಿಲ ಮೇಲೆ ನಿಂತವರನ್ನು ಮೊಣಕೈಯಿಂದ ಸರಿಸಿ ಹತ್ತಿ ಕೂತು, ಒಳಗಿನಿಂದಲೇ ಕೂಗಿದಳು. "ದಾರಿ ಬಿಡ್ರಿ ಅವ್ರಿಗೆ, ನಮ್ಮನ್ನ ದಿಲ್ಲಿಗೆ ಕರ್ಕೊಂಡು ಹೋಗೋರು ಅವ್ರು." ಬಸ್ಸಿನ ಮಂದಿಯೆಲ್ಲ ತಿರುಗಿ ನೋಡಿದರು. ವೆಂಕೋಬ ಅಂಗಿಯ ಕಾಲರು ಸರಿಮಾಡಿಕೊಂಡು ಮುಗುಳ್ನಕ್ಕ. ನಗು ತಾನಾಗಿಯೇ ಬರುತ್ತಿತ್ತು, ನಾಲ್ಕು ವರ್ಷದ ರೂಢಿ. ಮಾನ್ವಿಯ ಒಂದು ಸರಕಾರಿ ಕಚೇರಿಯಲ್ಲಿ ಎರಡನೇ ದರ್ಜೆಯ ಗುಮಾಸ್ತನಾದ ಈ ವೆಂಕೋಬನಷ್ಟು ದಿಲ್ಲಿಯನ್ನು ಬಲ್ಲವರು ಎರಡು ತಾಲೂಕಿನಲ್ಲೂ ಇಲ್ಲ ಎಂದು ಹೆಸರಾಗಿತ್ತು. ಆ ಹೆಸರಿಗೆ ಒಂದೇ ಒಂದು ಕೊರತೆ ಇತ್ತು. ಅವನು ದಿಲ್ಲಿಯನ್ನು ನೋಡಿರಲಿಲ್ಲ.

ಹೋಗಿದ್ದೇನೋ ನಿಜ. ನಾಲ್ಕು ವರ್ಷದ ಹಿಂದೆ ಡಿಸೆಂಬರಿನಲ್ಲಿ, ಹಳೆಯ ಪಿಂಚಣಿ ಬೇಕೆಂದು ದೇಶದ ನೌಕರರೆಲ್ಲ ಸೇರಿದ ಧರಣಿಗೆ, ಅವನ ಕಚೇರಿಯಿಂದ ಆರು ಜನ ರಾಯಚೂರಿನಲ್ಲಿ ರೈಲು ಹತ್ತಿದ್ದರು. ಮುಂದಾಳು ಬಸವಪ್ರಸಾದರು, ಆಗಿನ ಕಚೇರಿಯ ಸೂಪರಿಂಟೆಂಡೆಂಟರು. ದನಿ ದೊಡ್ಡದು, ಮನಸ್ಸು ಕೆಟ್ಟದ್ದಲ್ಲ. ದಿಲ್ಲಿಯ ಊಟ ಹೊಟ್ಟೆಗೆ ಆಗಿಬರುವುದಿಲ್ಲ ಎಂದು ಒಣಗಿಸಿದ ಕಟಕ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಹಿಂಡಿ, ಉಪ್ಪಿನಕಾಯಿ ಎಲ್ಲ ಹೊತ್ತುಕೊಂಡೇ ಹೋಗಿದ್ದರು. ಇಳಿದುಕೊಂಡದ್ದು ಒಂದು ದೊಡ್ಡ ಹಾಲ್. ನಾಲ್ಕು ರಾಜ್ಯದ ಮಂದಿ ಅಲ್ಲೇ ಚಾಪೆ ಹಾಸಿಕೊಂಡಿದ್ದರು. ಬಾಗಿಲಿಗೆ ಕೀಲಿ ಇಲ್ಲ, ಕಿಟಕಿಗೆ ಗಾಜಿಲ್ಲ, ಕಿಟಕಿಯಾಚೆ ಗೋಡೆಯ ಮೇಲೆ ಸಾಲಾಗಿ ಮಂಗಗಳು. ಅವುಗಳ ಕಣ್ಣೆಲ್ಲ ರೊಟ್ಟಿಯ ಗಂಟಿನ ಮೇಲೆ. "ಯಾರರ ಒಬ್ಬರು ಇರಬೇಕಲ್ಲ" ಎಂದು ಬಸವಪ್ರಸಾದರು ಸುಮ್ಮನೆ ಸುತ್ತ ನೋಡಿದರು, ಅಷ್ಟೇ. ವೆಂಕೋಬನ ಕಡೆ ಬೆರಳು ಮಾಡಲಿಲ್ಲ, ಹೆಸರು ಹಿಡಿಯಲಿಲ್ಲ. ಅವರ ಮಾತು ಮುಗಿಯುವ ಮೊದಲೇ "ನಾ ಇರ್ತೀನಿ ಬಿಡ್ರಿ ಸಾಹೇಬ್ರ" ಎಂಬ ದನಿ ಕೇಳಿಸಿತು. ಯಾರದೆಂದು ನೋಡಿದರೆ ತನ್ನದೇ. ಆ ದನಿಯನ್ನು ವೆಂಕೋಬ ಇವತ್ತಿಗೂ ಕ್ಷಮಿಸಿಲ್ಲ. ಅಪ್ಪ ಯಮನೂರಪ್ಪ, ಊರ ಗೌಡರ ಗಾಡಿ ನಿಂತಲ್ಲೆಲ್ಲ ಗಾಡಿಯ ಪಕ್ಕ ನಿಲ್ಲುತ್ತಿದ್ದ. ಗೌಡರು ಒಳಗೆ ಮದುವೆಯ ಊಟಕ್ಕೆ ಕೂತರೆ ಅಪ್ಪ ಹೊರಗೆ ಎತ್ತಿನ ಮೂಗುದಾರ ಹಿಡಿದುಕೊಂಡು ನಿಲ್ಲುತ್ತಿದ್ದ. ಆ ಗಾಡಿಯಿಂದ ದೂರ ಹೋಗಲಿಕ್ಕೆಂದೇ ವೆಂಕೋಬ ಓದಿದ, ನೌಕರಿ ಹಿಡಿದ. ಒಂದೂವರೆ ದಿನ ರೈಲಿನಲ್ಲಿ ಕೂತು ಹೋದರೂ ಗಾಡಿ ಅಲ್ಲೇ ಕಾಯುತ್ತಾ ನಿಂತಿತ್ತು.

"ಏನು ವಿಚಾರ ಮಾಡಾಕತ್ತೀರಿ?" ಪಾರ್ವತೆಮ್ಮ ಕೇಳಿದಳು. ಸಿರವಾರ ದಾಟಿತ್ತು.

"ಏನಿಲ್ಲ. ಮೊದಲ ಯಾವ್ದು ತೋರಸ್ಲಿ ಅಂತ."

"ಕೆಂಪುಕೋಟಿ ತೋರಸ್ರಿ. ಫೋಟೋ ಎಲ್ಲಿ ತೆಗದಿದ್ರೋ ಅಲ್ಲೇ ನಿಂತು ನಾನೂ ಒಂದು ತೆಗಸ್ಕೋತೀನಿ."

ಆ ಫೋಟೋ. ಕೆಂಪುಕೋಟೆಯ ಮುಂದೆ ಐದು ಜನ ಎದೆಯುಬ್ಬಿಸಿ ನಿಂತಿದ್ದಾರೆ, ನಡುವೆ ಬಸವಪ್ರಸಾದರು. ದಿಲ್ಲಿಯಿಂದ ಬಂದ ಮೇಲೆ ಅವರೇ ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟಿದ್ದರು, ಪಕ್ಷಪಾತವಿಲ್ಲದೆ ವೆಂಕೋಬನಿಗೂ ಕೊಟ್ಟಿದ್ದರು. "ನೀವು ಎಲ್ಲಿ?" ಎಂದು ಪಾರ್ವತೆಮ್ಮ ಕೇಳಿದ್ದಳು. ಅದಕ್ಕೂ ಮೊದಲು, ತಿರುಗಿ ಬಂದು ಸ್ಟೇಷನ್ನಿನಲ್ಲಿ ಇಳಿದಾಗ "ಹೆಂಗದ ದಿಲ್ಲಿ?" ಎಂದು ಅವಳು ಕೇಳಿದ್ದಕ್ಕೆ "ಭಾಳ ದೊಡ್ಡದದ" ಎಂದಿದ್ದ. ಅದು ಸುಳ್ಳಲ್ಲ, ದೊಡ್ಡದಿರಲೇಬೇಕು. ಆದರೆ ಫೋಟೋದ ಈ ಪ್ರಶ್ನೆಗೆ ನಿಜ ಹೇಳಿದರೆ ಅವಳ ಮುಖ ಹೇಗಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆ ಮುಖವನ್ನು ನೋಡುವ ಬದಲು "ನಾನೇ ತೆಗದಿದ್ದಲ್ಲ ಫೋಟೋ" ಎಂದುಬಿಟ್ಟ. ಅವಳು ಅದಕ್ಕೆ ಕಟ್ಟು ಹಾಕಿಸಿ ಬಾಗಿಲ ಎದುರಿನ ಗೋಡೆಗೆ ತೂಗುಹಾಕಿದಳು. ತನ್ನ ಮನೆಯ ಗೋಡೆಯ ಮೇಲೆ ತನ್ನೊಬ್ಬನನ್ನು ಬಿಟ್ಟು ಕಚೇರಿಯ ಐದು ಜನ ನಗುತ್ತಿರುವುದನ್ನು ನೋಡಿಕೊಂಡು ವೆಂಕೋಬ ದಿನವೂ ಉಣ್ಣುತ್ತಾನೆ. ಬಂದವರಿಗೆಲ್ಲ ಅವಳು ಹೇಳುತ್ತಾಳೆ, "ನಮ್ಮವರ ತೆಗದಾರ, ಕೈ ಎಷ್ಟು ನೆಟ್ಟಗದ ನೋಡ್ರಿ." ನೋಡಿದವರು ಕೈಯನ್ನು ಹೊಗಳುತ್ತಾರೆ.

ಒಂದು ಸುಳ್ಳಿಗೆ ಒಬ್ಬಂಟಿಯಾಗಿ ಇರಲು ಆಗುವುದಿಲ್ಲ, ಬಂಧುಬಳಗ ಬೇಕು. ಅದನ್ನು ಒದಗಿಸಿದ್ದು ಆ ಹಾಲಿನ ಗೋಡೆಯ ಮೇಲಿದ್ದ ಒಂದು ಕ್ಯಾಲೆಂಡರು. ಬರುವ ವರ್ಷದ್ದು, ಯಾವುದೋ ಬಟ್ಟೆ ಅಂಗಡಿಯದು, ಹನ್ನೆರಡು ಹಾಳೆಯಲ್ಲಿ ಹನ್ನೆರಡು ದಿಲ್ಲಿ. ಮೂರು ದಿನ ಅದನ್ನು ತಿರುವಿ ತಿರುವಿ ವೆಂಕೋಬ ಬಾಯಿಪಾಠ ಮಾಡಿದ್ದ. ಜನವರಿಗೆ ಕೆಂಪುಕೋಟೆ, ಮಾರ್ಚಿಗೆ ಕುತುಬ್ ಮಿನಾರಿನ ಮುಂದೆ ಹೂವು, ಜುಲೈಗೆ ಮಳೆಯಲ್ಲಿ ನೆನೆದ ಇಂಡಿಯಾ ಗೇಟು. ಊರಿಗೆ ಬಂದು ಹೇಳಿದಾಗ ಅವನ ದಿಲ್ಲಿಯಲ್ಲಿ ಡಿಸೆಂಬರಿನಲ್ಲೇ ಹೂವರಳಿ ಮಳೆಯೂ ಬಂತು. ಕಚೇರಿಯಲ್ಲಿ ಚಹಾ ಕುಡಿಯುವಾಗ ನೀರಮಾನ್ವಿಯ ಹುಸೇನಪೀರ "ಚಳಿಗಾಲದಾಗ ಮಳಿ ಎಲ್ಲಿಂದ ಬಂತೋ?" ಎಂದು ತಡೆದ. ಆಗ ಬಸವಪ್ರಸಾದರು ಬಸಿಯಿಂದ ಚಹಾ ಹೀರುತ್ತಾ, "ಹೌದೌದು, ಹನಿ ಬಿದ್ದಿತ್ತು ಅನ್ನು" ಎಂದರು. ಅವರಿಗೆ ದಿಲ್ಲಿಯಲ್ಲಿ ನೆನಪಿದ್ದದ್ದು ಹೊಸ ಬೂಟು ಕಚ್ಚಿದ್ದು ಮಾತ್ರ. ಉಳಿದ ನಾಲ್ವರದೂ ಅದೇ ಕಥೆ: ಒಬ್ಬನಿಗೆ ನೆಗಡಿ, ಒಬ್ಬನಿಗೆ ಜೇಬು ಕತ್ತರಿಯಾದ ದುಃಖ, ಇನ್ನಿಬ್ಬರು ಯಾವ್ಯಾವುದರ ಮುಂದೆ ನಿಂತಿದ್ದೆವೆಂದು ಜಗಳಾಡುತ್ತಿದ್ದರು. ಕಣ್ಣಾರೆ ನೋಡಿ ಬಂದವರೇ "ವೆಂಕೋಬ, ನೀ ಹೇಳೋ" ಎನ್ನಲು ಶುರುಮಾಡಿದರು. ಕುರ್ಡಿಯ ಶಾಲೆಯವರು ಗಣರಾಜ್ಯೋತ್ಸವಕ್ಕೆ ಕರೆದು ಶಾಲು ಹೊದಿಸಿದರು. ಶಾಲು ಹೊದ್ದು ಕೂತಾಗ ಅವನಿಗೆ ನಾಚಿಕೆಯಾಯಿತು, ಸುಖವೂ ಆಯಿತು, ಯಾವುದು ಹೆಚ್ಚೆಂದು ತಿಳಿಯಲಿಲ್ಲ.

ಆದರೆ ಆ ಕ್ಯಾಲೆಂಡರಿನಲ್ಲಿ ಒಂದು ಮನೆ ಇರಲಿಲ್ಲ. ದಿಲ್ಲಿಗೆ ಹೋಗುವುದೆಂದಾಗ ವೆಂಕೋಬನಿಗೆ ಕೋಟೆ ಮಿನಾರು ಯಾವುದರ ಮೇಲೂ ಆಸೆ ಇರಲಿಲ್ಲ. ಬಾಬಾಸಾಹೇಬರು ಕೊನೆಯ ದಿನಗಳನ್ನು ಕಳೆದ ಮನೆಯನ್ನು ನೋಡಬೇಕು, ಹೊಸ್ತಿಲಿಗೆ ಕೈಮುಟ್ಟಿಸಿ ಬರಬೇಕು ಎಂದಷ್ಟೇ ಇತ್ತು. ಮೂರನೇ ದಿನ ಮುಂಜಾನೆ ಎಲ್ಲರೂ ಬೂಟು ಹಾಕಿಕೊಳ್ಳುವಾಗ ಅವನು ಧೈರ್ಯ ಮಾಡಿದ. "ಇವತ್ತೊಂದು ದಿನ ನಾನೂ ಬರ್ತೀನ್ರಿ ಸಾಹೇಬ್ರ. ಆ ಮನಿ ಒಂದು ನೋಡಿ ಬರಬೇಕಂತ..." ಬಸವಪ್ರಸಾದರು ಲೇಸು ಕಟ್ಟುತ್ತಿದ್ದವರು ತಲೆ ಎತ್ತದೆ, "ಎಲ್ಲಾರೂ ಹೋದ್ರ ರೊಟ್ಟಿ?" ಎಂದರು. ಜೊತೆಯವರೆಲ್ಲ ನಕ್ಕರು. ವೆಂಕೋಬನೂ ನಕ್ಕ. ಜೋರಾಗಿಯೇ ನಕ್ಕ, ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ. ಅವರು ಹೋದ ಮೇಲೆ ಗೋಡೆಯ ಮೇಲಿನ ಮಂಗವೊಂದು ಅವನನ್ನೇ ನೋಡುತ್ತಾ ಕೂತಿತ್ತು, ಅವನು ಅದಕ್ಕೆ ಬೆನ್ನು ಮಾಡಿ ಕೂತ. ಬಸ್ಸು ಈಗ ಗುಂಡಿಯೊಂದರಲ್ಲಿ ಇಳಿದು ಎದ್ದಿತು, ಪಾರ್ವತೆಮ್ಮ ಅವನ ತೋಳು ಹಿಡಿದುಕೊಂಡಳು. ದಿಲ್ಲಿಯ ಬಗ್ಗೆ ಎಷ್ಟೋ ಹೇಳಿದವನು ಆ ಮನೆಯ ಬಗ್ಗೆ ಇವತ್ತಿನವರೆಗೆ ಒಂದು ಮಾತೂ ಹೇಳಿರಲಿಲ್ಲ. ಕೋಟೆಯ ಬಗ್ಗೆ ಸುಳ್ಳು ಹೇಳಬಹುದು, ಕೋಟೆ ಯಾರದ್ದೋ. ಆ ಮನೆಯ ಬಗ್ಗೆ ಬಾಯಿ ಬರುತ್ತಿರಲಿಲ್ಲ.

ದೇವದುರ್ಗ ಪಾರ್ವತೆಮ್ಮನ ತವರು. ಅವಳ ದೊಡ್ಡವ್ವ ಮುದುಕಮ್ಮನ ಪಡಸಾಲೆಯಲ್ಲಿ ಮಹಿಳಾ ಸಂಘದ ಹದಿನಾಲ್ಕು ಹೆಂಗಸರು ಗೋಣಿತಟ್ಟಿನ ಮೇಲೆ ಕೂತು ಕಾಯುತ್ತಿದ್ದರು. ಮುಂದಿನ ತಿಂಗಳು ದಿಲ್ಲಿಗೆ ಹೊರಟವರು ಇವರೇ. ರೈಲಿನ ಟಿಕೆಟ್ಟೂ ಆಗಿತ್ತು, ಅದರಲ್ಲಿ ವೆಂಕೋಬನ ಹೆಸರೂ ಇತ್ತು. ಎಪ್ಪತ್ತು ದಾಟಿದ ಮುದುಕಮ್ಮ, ಜೀವನದಲ್ಲಿ ರಾಯಚೂರಿನಿಂದಾಚೆ ಕಾಲಿಡದವಳು, ಈ ಪ್ರಯಾಣದ ಕಿಡಿ ಹಚ್ಚಿದ್ದಳು. ಅದಕ್ಕೆ ಎಣ್ಣೆ ಸುರಿದದ್ದು ಅಳಿಯನ ವರ್ಣನೆ. ಸಂಘದ ಕಾರ್ಯದರ್ಶಿ ಹೀರಾಬಿ ನೋಟುಬುಕ್ಕು ತೆರೆದು ಪೆನ್ನು ಹಿಡಿದು ಕೂತಿದ್ದಳು.

"ಹೇಳ್ರಿ ಅಣ್ಣಾ. ಮೊದಲ ಎಲ್ಲಿ, ಆಮ್ಯಾಲ ಎಲ್ಲಿ, ಬರ್ಕೋತೀನಿ."

"ಮೊಬೈಲ್‌ನಾಗ ಎಲ್ಲಾ ಸಿಗ್ತದಲ್ಲವ್ವಾ" ಎಂದ ವೆಂಕೋಬ, ಕೊನೆಯದೊಂದು ಕಿಂಡಿ ಹುಡುಕುತ್ತಾ.

"ಸಿಗ್ತದ. ಆದ್ರ ಮೊಬೈಲು ಕೈ ಹಿಡಿದು ರಸ್ತೆ ದಾಟಸೂದಿಲ್ಲ. ಹೇಳ್ರಿ."

ಅವನು ಜನವರಿಯಿಂದ ಶುರುಮಾಡಿದ. ಕೆಂಪುಕೋಟೆಯ ಗೋಡೆಯ ಬಣ್ಣ, ಬಾಗಿಲ ಎತ್ತರ, ಮೇಲೆ ಹಾರುವ ಧ್ವಜ. ಹೆಂಗಸರು ಬಾಯಿ ಬಿಟ್ಟುಕೊಂಡು ಕೇಳಿದರು. ಮುದುಕಮ್ಮ ಮಾತ್ರ ಎಲೆಯಡಿಕೆ ಕುಟ್ಟುತ್ತಾ ಕೇಳಿದಳು, "ಅದರ ಹಿಂದ ಏನದೋ ಅಳಿಯಾ?" ವೆಂಕೋಬ ತಡವರಿಸಿದ. ಕ್ಯಾಲೆಂಡರಿನ ಚಿತ್ರಕ್ಕೆ ಹಿಂದುಗಡೆ ಎಂಬುದೇ ಇರುವುದಿಲ್ಲ, ತಿರುವಿದರೆ ಫೆಬ್ರವರಿ ಬರುತ್ತದೆ. "ಹಿಂದ... ಪೊಲೀಸರು ಬಿಡೂದಿಲ್ಲ ಯವ್ವಾ" ಎಂದ. ಮಿನಾರಿಗೂ ಹಾಗೇ ಅಂದ, ಪಾರ್ಲಿಮೆಂಟಿಗೂ ಹಾಗೇ ಅಂದ. "ದಿಲ್ಲ್ಯಾಗ ಯಾವುದಕ್ಕೂ ಬೆನ್ನ ಇಲ್ಲೇನು?" ಎಂದು ಮುದುಕಮ್ಮ ಗೊಣಗಿದಳು. ಹೆಂಗಸರು ಕಿಸಿಕಿಸಿ ನಕ್ಕರು.

ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ದನಿ ಕೇಳಿಸಿತು. ಬಸವಪ್ರಸಾದರು. ಎರಡು ವರ್ಷದ ಹಿಂದೆ ದೇವದುರ್ಗಕ್ಕೆ ವರ್ಗವಾಗಿ ಬಂದವರಿಗೆ, ಅವರೂ ದಿಲ್ಲಿ ನೋಡಿದವರೆಂದು ಹೀರಾಬಿ ಹೇಳಿ ಕಳಿಸಿದ್ದಳು. ಒಂದೇ ಒಂದು ಕುರ್ಚಿ ಇತ್ತು, ಅದರ ಮೇಲೆ ಕೂತಿದ್ದ ವೆಂಕೋಬ ಎದ್ದು ಬಿಟ್ಟುಕೊಟ್ಟ. ಎದ್ದ ಮೇಲೆ ತನ್ನ ಮೇಲೇ ಸಿಟ್ಟು ಬಂತು. ಬಸವಪ್ರಸಾದರು ಕೂತು, ಎರಡೂ ಮೊಣಕಾಲು ತಿಕ್ಕಿಕೊಂಡು, "ನಾ ಏನು ಹೇಳಬೇಕವ್ವಾ, ನಮ್ಮ ವೆಂಕೋಬನ ಮುಂದ? ಹೇಳೋ ವೆಂಕೋಬ, ಆ ಮಳೀದು ಹೇಳು" ಎಂದರು.

"ಮಳಿ ಇರ್ಲಿ" ಎಂದಳು ಮುದುಕಮ್ಮ. ಕುಟ್ಟುವುದನ್ನು ನಿಲ್ಲಿಸಿದ್ದಳು. "ಬಾಬಾಸಾಹೇಬರ ಮನೀದು ಹೇಳು. ನಾ ಹೊಂಟಿದ್ದು ಅದನ್ನ ನೋಡಾಕ. ಎಲ್ಲಾ ಹೇಳಿದಿ, ಅದೊಂದು ಹೇಳವಲ್ಲಿ. ಬಾಗಲಾ ಯಾವ ದಿಕ್ಕಿಗದ? ಒಳಗ ಏನಿಟ್ಟಾರ? ಕೈ ಮುಗಿಯಾಕ ಬಿಡ್ತಾರೇನು?"

ಹೀರಾಬಿಯ ಪೆನ್ನು ಕಾಯುತ್ತಿತ್ತು. ಬಾಗಿಲು ಮೂಡಣಕ್ಕಿದೆ ಎಂದರೆ ಮುಗಿಯಿತು, ಯಾರು ಹೋಗಿ ಅಳೆಯುತ್ತಾರೆ? ವೆಂಕೋಬ ಬಾಯಿ ತೆರೆದ. ಮುದುಕಮ್ಮನ ಕಣ್ಣಿನಲ್ಲಿ ಪೊರೆ ಬಂದಿತ್ತು, ಆ ಕಣ್ಣು ಅವನ ಮುಖದ ಮೇಲೆ ನಿಂತಿತ್ತು. ನಾಲ್ಕು ವರ್ಷ ಸಲೀಸಾಗಿ ಓಡಿದ ನಾಲಿಗೆ ಒಂದು ದಿಕ್ಕಿನ ಹೆಸರು ಹೇಳಲು ಒಪ್ಪಲಿಲ್ಲ.

"ಯವ್ವಾ, ನಾ ದಿಲ್ಲಿ ನೋಡಿಲ್ಲ" ಎಂದ. "ಮೂರು ದಿನ ಒಂದು ಹಾಲ್‌ನಾಗ ರೊಟ್ಟಿಗಂಟು ಕಾಯ್ಕೊಂತ ಕುಂತಿದ್ದೆ. ಹೊರಗ ಹೋಗೇ ಇಲ್ಲ."

ಪಡಸಾಲೆಯೆಲ್ಲ ಹೋ ಎಂದು ನಕ್ಕಿತು. ಅವನು ಹೇಳಿದ್ದರಲ್ಲೆಲ್ಲ ನಂಬಲಾಗದ ಮಾತು ಇದೊಂದೇ ಆಗಿತ್ತು. "ನೋಡ್ರಿ, ಹದಿನಾಲ್ಕು ಮಂದಿ ಹೆಂಗಸ್ರನ್ನ ಕರ್ಕೊಂಡು ಹೋಗೂದಂದ್ರ ಎದಿ ಒಡೀತು, ತಪ್ಪಿಸ್ಕೊಳ್ಳಾಕ ಹತ್ಯಾರ" ಎಂದು ಯಾರೋ ಅಂದರು. ಪಾರ್ವತೆಮ್ಮ ನಗಲಿಲ್ಲ, ಅವಮಾನವಾದವಳಂತೆ ಕೆಂಪಾದಳು.

"ಹಂಗಾದ್ರ ಫೋಟೋ ಯಾರು ತೆಗದ್ರು?"

"ಅಲ್ಲೇ ಇರೋ ಫೋಟೋದಾಂವ."

"ಸುಳ್ಳ! ಸಾಹೇಬ್ರ, ನೀವ ಹೇಳ್ರಿ. ಇವ್ರು ದಿಲ್ಲಿ ನೋಡ್ಯಾರೋ ಇಲ್ಲೋ?"

ಬಸವಪ್ರಸಾದರು ಕುರ್ಚಿಗೆ ಒರಗಿ ನಕ್ಕರು. "ಏ ತಂಗೀ, ಇಂವ ಇಲ್ಲದ ನಾವು ಒಂದು ಹೆಜ್ಜಿ ಇಟ್ಟಿಲ್ಲ. ಇಂಡಿಯಾ ಗೇಟಿನ ಹಂತ್ಯಾಕ ಮಳಿ ಬಂದಾಗ ನನ್ನ ಪಕ್ಕಕ್ಕ ನಿಂತಿದ್ದ. ನನ್ನ ಕೊಡೀನೂ ಇಂವನ ಹಿಡದಿದ್ದ."

ವೆಂಕೋಬ ಅವರ ಮುಖವನ್ನು ನೋಡಿದ. ಅಲ್ಲಿ ಹುಡುಗಾಟವಿರಲಿಲ್ಲ, ಕಾಪಾಡಿದೆನೆಂಬ ಸನ್ನೆಯೂ ಇರಲಿಲ್ಲ. ಅವರು ನಿಜವಾಗಿಯೂ ಹಾಗೇ ನೆನಪಿಟ್ಟುಕೊಂಡಿದ್ದರು. ಜುಲೈ ತಿಂಗಳ ಹಾಳೆಯ ಮಳೆಯಲ್ಲಿ ಬಸವಪ್ರಸಾದರು ನೆನೆಯುತ್ತಿದ್ದರು, ವೆಂಕೋಬ ಕೊಡೆ ಹಿಡಿದಿದ್ದ. ಅವನು ಹೇಳಿದ ಸುಳ್ಳನ್ನು ಅವರು ಮಾನ್ವಿಯಲ್ಲಿ ಎರಡು ವರ್ಷ ಕೇಳಿ ಕೇಳಿ ತಮ್ಮದಾಗಿಸಿಕೊಂಡು, ಹಾಲಿನ ಮೂಲೆಯಲ್ಲಿ ಕೂತವನನ್ನು ಅಳಿಸಿಹಾಕಿದ್ದರು. ಕೂತದ್ದಕ್ಕೆ ಈ ಪಡಸಾಲೆಯಲ್ಲಿದ್ದ ಒಂದೇ ಸಾಕ್ಷಿಯನ್ನು ವೆಂಕೋಬ ತಾನೇ ಕೆಡಿಸಿದ್ದ. ಅದರಲ್ಲೂ ಕೈಯಲ್ಲಿ ಕೊಡೆ! ಸುಳ್ಳಿನ ದಿಲ್ಲಿಯಲ್ಲೂ ಅವನಿಗೆ ಹಿಡಿದುಕೊಳ್ಳಲು ಏನೋ ಒಂದು ಕೊಟ್ಟಿದ್ದರು. ವೆಂಕೋಬನಿಗೆ ಮೊದಲು ನಗು ಬಂತು. ಆಮೇಲೆ ಎಂದೂ ಬರದಷ್ಟು ಸಿಟ್ಟು ಬಂತು. ಸಿಟ್ಟಿನಲ್ಲಿ ದನಿ ಏರಲಿಲ್ಲ, ಅದೇ ಅವನಿಗೆ ಆಶ್ಚರ್ಯ.

"ಹಾಲ್‌ಗೆ ಕೀಲಿ ಇರಲಿಲ್ಲ ಸಾಹೇಬ್ರ. ನಾ ಕೊಡಿ ಹಿಡಕೊಂಡು ನಿಮ್ಮ ಜೋಡಿ ಬಂದಿದ್ರ, ಮಂಗ್ಯಾನಿಂದ ರೊಟ್ಟಿ ಕಾದಾಂವ ಯಾರು?"

ಬಸವಪ್ರಸಾದರು ಒರಗಿದ್ದ ಬೆನ್ನನ್ನು ಕುರ್ಚಿಯಿಂದ ಎತ್ತಿ ನೆಟ್ಟಗೆ ಕೂತರು.

"ಆರು ಮಂದಿ ಹೋಗಿದ್ವಿ" ಎಂದ ವೆಂಕೋಬ. "ಫೋಟೋದಾಗ ಐದು ಮಂದಿ ಅದಾರ. ಇನ್ನೊಂದು ಹೇಳ್ತೀನಿ. ಗಂಟು ಎರಡು ಇದ್ವು. ಐದು ಮನೀ ರೊಟ್ಟಿ ಕೂಡಿ ಒಂದು ದೊಡ್ಡ ಗಂಟು. ನಮ್ಮ ಮನೀದು ಬ್ಯಾರೆ, ಸಣ್ಣದು. ಹಂಗ ಕಟ್ರಿ ಅಂತ ಯಾರೂ ಹೇಳಿರಲಿಲ್ಲ. ಮೂರು ದಿನ ನಾ ಕಾದಿದ್ದು ದೊಡ್ಡ ಗಂಟು, ಉಂಡಿದ್ದು ಸಣ್ಣದ್ರಾಗಿಂದ."

ಈ ಸಲ ಯಾರೂ ನಗಲಿಲ್ಲ. ಕೋಟೆ ಮಿನಾರುಗಳನ್ನು ಯಾರು ಬೇಕಾದರೂ ಕಟ್ಟಿ ಹೇಳಬಹುದು, ಆ ಸಣ್ಣ ಗಂಟನ್ನು ಯಾರೂ ಕಟ್ಟಿ ಹೇಳುವುದಿಲ್ಲ ಎಂದು ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಪಾರ್ವತೆಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಆ ಗಂಟನ್ನು ಬಿಗಿದವಳು ಅವಳೇ, ಬೇರೆಯಾಗಿಯೇ ಬಿಗಿದಿದ್ದಳು, ಯಾರನ್ನೂ ಕೇಳದೆಯೇ. ವೆಂಕೋಬ ಅವಳ ಮುಖ ನೋಡಲು ಹೆದರಿ ನೆಲ ನೋಡುತ್ತಾ ನಿಂತ. ನಾಲ್ಕು ವರ್ಷದಿಂದ ಯಾವ ಮುಖಕ್ಕೆ ಹೆದರಿ ಊರೆಲ್ಲ ಸುಳ್ಳು ಹಂಚಿದ್ದನೋ ಅದು ಈಗ ಎರಡು ಮಾರು ದೂರದಲ್ಲಿತ್ತು. ಅವಳು ಎದ್ದು ಬಂದು ಅವನ ಪಕ್ಕದಲ್ಲಿ ನಿಂತಳು. ನಿಂತಲ್ಲಿಂದಲೇ ಹೀರಾಬಿಗೆ ಹೇಳಿದಳು.

"ಹೀರಾಬಿ, ಬರ್ಕೋ. ಮೊದಲ ಬಾಬಾಸಾಹೇಬರ ಮನಿ. ಇವ್ರು ನೋಡಿಲ್ಲ, ನಾವೂ ನೋಡಿಲ್ಲ, ಕೇಳ್ಕೊಂತ ಹೋಗೂಣು. ಅದರ ಕೆಳಗ ಸಾಹೇಬ್ರ ಹೆಸರು ಬರಿ. ಸಾಮಾನು ಕಾಯಾಕ ಒಬ್ಬರು ಬೇಕು."

ಬಸವಪ್ರಸಾದರು ಬೆಚ್ಚಿದರು. "ನನಗೆಲ್ಲಿ ಆಗ್ತದವ್ವಾ, ಈ ಮೊಣಕಾಲು ನೋಡು, ಹತ್ತು ಹೆಜ್ಜಿ ನಡದ್ರ..."

"ಕೂಡೋ ಕೆಲಸಕ್ಕ ಮೊಣಕಾಲು ಯಾಕ ಬೇಕ್ರಿ ಸಾಹೇಬ್ರ?" ಎಂದಳು ಹೀರಾಬಿ, ಬರೆಯುತ್ತಲೇ.

ಅವರು ವೆಂಕೋಬನ ಕಡೆ ನೋಡಿದರು. ಅವನು ಈ ಸಲ ತನ್ನ ದನಿಯನ್ನು ಹಲ್ಲಿನೊಳಗೇ ಹಿಡಿದುಕೊಂಡಿದ್ದ; ನಾ ಇರ್ತೀನಿ ಬಿಡ್ರಿ ಎಂದು ಅದು ಆಗಲೇ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹಿಡಿದುಕೊಂಡೇ ಇದ್ದ. ಮುದುಕಮ್ಮ ಕುಟ್ಟಿದ ಎಲೆಯಡಿಕೆಯನ್ನು ಬಾಯಿಗೆ ಹಾಕಿಕೊಂಡು, ಪೊರೆ ಬಂದ ಕಣ್ಣನ್ನು ಕುರ್ಚಿಯ ಕಡೆ ತಿರುಗಿಸಿ, ನಿಧಾನವಾಗಿ ಅಗಿದಳು.

"ಬರೂದಾದ್ರ ಬರ್ರಿ ಸಾಹೇಬ್ರ, ಬ್ಯಾಡ ಅನ್ನೂದಿಲ್ಲ" ಎಂದಳು. "ಆದ್ರ ಮೊದಲ ಹೇಳಿರ್ತೀನಿ. ನಮ್ಮಲ್ಲಿ ಗಂಟು ಒಂದ ಇರ್ತದ. ಕಾದೋರು ಅದರಾಗಿಂದನ ತೆಗದು ಉಣ್ಣಬೇಕು."

ಹೀರಾಬಿಯ ಪೆನ್ನು ನಿಂತಿತು. ಹದಿನಾಲ್ಕು ಹೆಂಗಸರೂ ಬಸವಪ್ರಸಾದರ ಬಾಯಿಯನ್ನೇ ನೋಡುತ್ತಿದ್ದರು.